ಕೈ ತಾಗಿಸದ ಹಿಡಿತಕ್ಕೆ ನಾನು ಕಟ್ಟಿಕೊಂಡ ನಿಯಮ

ದಾಳ ಉರುಳಿಸಿ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 3.5 ಆವೃತ್ತಿಯನ್ನು (2003) ಆಡಿಸುವವರಿಗೆ ಗ್ರ್ಯಾಪಲ್, ಅಂದರೆ ಎದುರಾಳಿಯನ್ನು ಹಿಡಿದು ಸೆಣಸುವ, ನಿಯಮಗಳೇ ಸಾಕಷ್ಟು ತಲೆನೋವು. ಮುಟ್ಟದೆಯೇ ವಸ್ತುಗಳನ್ನು ಸರಿಸುವ ಟೆಲಿಕಿನೆಸಿಸ್ ಮಂತ್ರ ಅದರ ಜೊತೆ ಸೇರಿದರೆ ತೊಡಕು ಇನ್ನೂ ಹೆಚ್ಚುತ್ತದೆ. ಈ ಮಂತ್ರದ ಒಂದು ಬಗೆಯಲ್ಲಿ ಮಾಂತ್ರಿಕನು ದೂರ ನಿಂತೇ ಎದುರಾಳಿಯನ್ನು ಹಿಡಿಯಬಹುದು, ಬೀಳಿಸಬಹುದು, ಅವನ ಆಯುಧವನ್ನು ಕಸಿಯಬಹುದು. ಆಗ ಬೇಸ್ ಅಟ್ಯಾಕ್ ಬೋನಸ್‌ನ (ಹೊಡೆದಾಟದ ಪಳಗಿಕೆಯ ಅಂಕ) ಬದಲು ಕ್ಯಾಸ್ಟರ್ ಲೆವೆಲ್ಲನ್ನೂ (ಮಂತ್ರ ಹಾಕುವವನ ಮಟ್ಟ), ಸ್ಟ್ರೆಂತ್‌ನ (ಮೈಬಲ) ಬದಲು ಇಂಟೆಲಿಜೆನ್ಸನ್ನೂ (ಬುದ್ಧಿ) ಲೆಕ್ಕಕ್ಕೆ ಹಿಡಿಯಬೇಕೆಂದು ನಿಯಮ ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಹಿಡಿದ ಮಾಂತ್ರಿಕನೂ ಆ ಹಿಡಿತದಲ್ಲಿ ಸಿಲುಕಿದಂತೆ ಆಗುತ್ತದೆಯೇ ಇಲ್ಲವೇ ಎಂಬುದನ್ನು ನಾವೇ ತೀರ್ಮಾನಿಸಿಕೊಳ್ಳಬೇಕು.

ಡಂಜನ್ ಮಾಸ್ಟರ್ (ಆಟ ನಡೆಸುವವನು) ಆಗಿ ನಾನು ಮೊದಲು ಮಾಡಿದ್ದು ಅಂಕಗಳನ್ನು ಎದುರು ಬದುರಾಗಿ ಬರೆದು ನೋಡುವುದು. ಇಂಟೆಲಿಜೆನ್ಸ್ 20, ಸ್ಟ್ರೆಂತ್ 8 ಇರುವ 9ನೇ ಲೆವೆಲ್‌ನ ಮಾಂತ್ರಿಕ ಬರಿಗೈಯಲ್ಲಿ ಹಿಡಿದರೆ ದಾಳದ ಅಂಕಕ್ಕೆ ಕೂಡಿಸಲು ಅವನಿಗೆ ಸಿಗುವುದು +3. ಅದನ್ನೇ ಮಂತ್ರದಿಂದ ಮಾಡಿದರೆ +14 (ಲೆವೆಲ್‌ನಿಂದ 9, ಇಂಟೆಲಿಜೆನ್ಸ್‌ನಿಂದ 5). ಅದೇ ಲೆವೆಲ್‌ನ, ಸ್ಟ್ರೆಂತ್ 18 ಇರುವ ಫೈಟರ್‌ಗೆ (ಯೋಧ) +13, ಓಗರ್ ಎಂಬ ರಕ್ಕಸನಿಗೆ +12, ಅದಕ್ಕಿಂತ ದೊಡ್ಡ ದೈತ್ಯ ಹಿಲ್ ಜೈಂಟ್‌ಗೆ +20. ಕಡ್ಡಿಯಂಥ ಮಾಂತ್ರಿಕ ಓಗರನ್ನು ಕಟ್ಟಿಹಾಕಬಲ್ಲ, ಹಿಲ್ ಜೈಂಟ್ ಮುಂದೆ ಮಾತ್ರ ಏದುಸಿರು ಬಿಡಬೇಕಾಗುತ್ತದೆ ಎಂಬ ಈ ಲೆಕ್ಕ ನನಗೆ ಒಪ್ಪಿಗೆಯಾಯಿತು. ಹಾಗಾಗಿ ಅಂಕಗಳನ್ನು ಮುಟ್ಟದೆ ಸಂದರ್ಭಗಳನ್ನಷ್ಟೇ ತಿದ್ದಿದೆ.

ಹಿಡಿಯಲು ಮೊದಲು ಟಚ್ ಅಟ್ಯಾಕ್ (ಎದುರಾಳಿಯನ್ನು ತಾಗಿದರೆ ಸಾಕೆನ್ನುವ ದಾಳಿ) ಬೇಕೇ ಬೇಕು, ಅದಕ್ಕೂ ಇದೇ +14. ಸಾಮಾನ್ಯ ಗ್ರ್ಯಾಪಲ್‌ನಲ್ಲಿರುವ, ಆಟದ ನಕ್ಷೆಯ ಮೇಲೆ ಎದುರಾಳಿಯ ಚೌಕಕ್ಕೆ ಸರಿಯುವ ಹಂತವನ್ನು ಮಾತ್ರ ಕೈಬಿಟ್ಟೆ. ಹಿಡಿತಕ್ಕೆ ಸಿಕ್ಕವನಿಗೆ ಗ್ರ್ಯಾಪಲ್‌ನ ಎಲ್ಲ ಕಟ್ಟುಪಾಡುಗಳೂ ಅನ್ವಯಿಸುತ್ತವೆ, ಮಾಂತ್ರಿಕನಿಗೆ ಒಂದೂ ಇಲ್ಲ. ಇದು ಪಕ್ಷಪಾತವೆಂದು ಫೈಟರ್ ಆಡುತ್ತಿದ್ದ ಗೆಳೆಯ ತಕರಾರು ತೆಗೆದ. ಅವನ ಮಾತಿನಲ್ಲಿ ಹುರುಳಿತ್ತು. ಆದರೆ ಈ ಸೌಲಭ್ಯಕ್ಕೆ ಬೆಲೆ ಮಂತ್ರದಲ್ಲಿಯೇ ಇದೆ: ಏಕಾಗ್ರತೆ ಉಳಿಸಿಕೊಳ್ಳಲು ಪ್ರತಿ ಸುತ್ತಿನಲ್ಲೂ ಒಂದು ಸ್ಟ್ಯಾಂಡರ್ಡ್ ಆ್ಯಕ್ಷನ್ (ಆ ಸುತ್ತಿನ ಮುಖ್ಯ ಕೆಲಸ) ತೆರಬೇಕು, ಸುತ್ತಿಗೆ ಒಂದೇ ಪ್ರಯತ್ನ, ಆದ್ದರಿಂದ ಮೊದಲ ಸುತ್ತಿನಲ್ಲಿ ಹಿಡಿದರೆ ಪಿನ್ ಮಾಡುವುದು (ಅಲುಗದಂತೆ ಅದುಮಿ ಹಿಡಿಯುವುದು) ಎರಡನೆಯದರಲ್ಲಿ. ಅಷ್ಟರಲ್ಲಿ ಯಾರಾದರೂ ಮಾಂತ್ರಿಕನಿಗೆ ಪೆಟ್ಟು ಕೊಟ್ಟರೆ ಅವನು ಕಾನ್ಸೆಂಟ್ರೇಷನ್ ಚೆಕ್ (ಏಕಾಗ್ರತೆ ಉಳಿಯಿತೇ ಎಂದು ನೋಡುವ ದಾಳ) ಹಾಕಬೇಕು: ಮುಟ್ಟಬೇಕಾದ ಗುರಿ 10ಕ್ಕೆ ಪೆಟ್ಟಿನ ಅಂಕವನ್ನೂ ಮಂತ್ರದ ಲೆವೆಲ್ 5ನ್ನೂ ಕೂಡಿಸಿದಷ್ಟು. 12 ಅಂಕದ ಪೆಟ್ಟಿಗೆ ಅದು 27. ಸೋತರೆ ಹಿಡಿತ ಕಳಚಿತು. ನನ್ನ ಖಳರ ಗುಂಪಿನಲ್ಲಿ ಅಂದಿನಿಂದ ಒಬ್ಬ ಬಿಲ್ಲುಗಾರ ಇದ್ದೇ ಇರುತ್ತಾನೆ.

ಹಿಡಿದವನನ್ನು ಮೇಲಕ್ಕೆತ್ತಿ ಕೆಳಕ್ಕೆ ಕೆಡವಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಾನು ಬಿಡುವುದಿಲ್ಲ. ಎತ್ತುವುದು ಅದೇ ಮಂತ್ರದ ಬೇರೊಂದು ಬಗೆ, ಅದಕ್ಕೆ ಲೆವೆಲ್‌ಗೆ 25 ಪೌಂಡ್‌ನಂತೆ ಮಿತಿಯಿದೆ, ಎದುರಾಳಿಗೆ ವಿಲ್ ಸೇವ್ (ಮನೋಬಲದಿಂದ ಮಂತ್ರವನ್ನು ತಡೆಯುವ ದಾಳ) ಕೂಡ ಸಿಗುತ್ತದೆ. ಯಾವ ಬಗೆಯೆಂಬುದನ್ನು ಮಂತ್ರ ಹಾಕುವಾಗಲೇ ಹೇಳಿಬಿಡಬೇಕು, ನಡುವೆ ಬದಲಿಸುವಂತಿಲ್ಲ. ಇನ್ನು ಫ್ರೀಡಂ ಆಫ್ ಮೂವ್‌ಮೆಂಟ್ ಎಂಬ, ಚಲನೆಗೆ ಅಡ್ಡಿಯಾಗದಂತೆ ಕಾಯುವ ಮಂತ್ರ ಇರುವವನು ಸಾಮಾನ್ಯ ಹಿಡಿತದಿಂದ ತಪ್ಪಿಸಿಕೊಳ್ಳುವ ಹಾಗೆಯೇ ಇದರಿಂದಲೂ ದಾಳ ಉರುಳಿಸದೆಯೇ ತಪ್ಪಿಸಿಕೊಳ್ಳುತ್ತಾನೆ. ಅದಕ್ಕೆ ನಾನು ಹೊಸದಾಗಿ ಏನನ್ನೂ ಸೇರಿಸಬೇಕಾಗಲಿಲ್ಲ.