₹ ಬರೆಯಲು ಯಾವ ಕೀ ಒತ್ತಬೇಕು?

ನಿಮ್ಮ ಲ್ಯಾಪ್‌ಟಾಪಿನ 4ರ ಕೀ ನೋಡಿ. ನಮ್ಮಲ್ಲಿ ಮಾರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ ಕೀ ಮೇಲೆ ಡಾಲರ್ ಜೊತೆಗೆ ಪುಟ್ಟದಾಗಿ ₹ ಕೂಡ ಅಚ್ಚಾಗಿರುತ್ತದೆ. ಆದರೆ ಶಿಫ್ಟ್ ಹಿಡಿದು ಒತ್ತಿದರೆ ಬರುವುದು ಡಾಲರೇ. ಕೀ ಕೆಟ್ಟಿಲ್ಲ. ಕಂಪ್ಯೂಟರಿನಲ್ಲಿ ಅಮೆರಿಕದ ಕೀಬೋರ್ಡ್ ಸೆಟ್ ಆಗಿದೆ, ಅಷ್ಟೆ. ಒಂದು ಸಲ ಬದಲಾಯಿಸಿಕೊಂಡರೆ ಮತ್ತೆ ಹುಡುಕಾಟವಿಲ್ಲ.

ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ಗೆ ಹೋಗಿ. ಅಲ್ಲಿ ಭಾಷೆಗಳ ಪಟ್ಟಿಗೆ ‘ಇಂಗ್ಲಿಷ್ (ಇಂಡಿಯಾ)’ ಸೇರಿಸಿ. ಆಮೇಲೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ, ಅದನ್ನು ಆರಿಸಿ. ಈಗ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿ. ₹ ಬಂತು ಅಲ್ವಾ? ಬಲಗಡೆ ಆಲ್ಟ್ ಇಲ್ಲದಿದ್ದರೆ ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು 4 ಒತ್ತಬಹುದು. ಬರದಿದ್ದರೆ ಪರದೆಯ ಕೆಳಗೆ ಗಡಿಯಾರದ ಹತ್ತಿರ ನೋಡಿ. ಅಲ್ಲಿ ‘ಯುಎಸ್’ ಎಂದಿದ್ದರೆ ಕೀಬೋರ್ಡ್ ಇನ್ನೂ ಬದಲಾಗಿಲ್ಲ.

ಸೈಬರ್ ಕೆಫೆಯಲ್ಲೋ ಆಫೀಸಿನಲ್ಲೋ ಸೆಟ್ಟಿಂಗ್ಸ್ ಮುಟ್ಟುವಂತಿಲ್ಲ ಎಂದರೆ ವರ್ಡ್‌ನಲ್ಲಿ ಒಂದು ಒಳದಾರಿಯಿದೆ. 20, ಇಂಗ್ಲಿಷಿನ ಬಿ, 9 ಎಂದು ಜಾಗ ಬಿಡದೆ ಟೈಪ್ ಮಾಡಿ, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಆ ನಾಲ್ಕು ಅಕ್ಷರ ಹೋಗಿ ₹ ಕೂರುತ್ತದೆ. ಇದು ಯುನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿ, ಈ ಚಿಹ್ನೆಗೆ ಕೊಟ್ಟಿರುವ ಸಂಖ್ಯೆ. ಲಿನಕ್ಸ್‌ನ ಹಲವು ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ಇದೇ ಸಂಖ್ಯೆ ಬರೆದು ಎಂಟರ್ ಕೊಟ್ಟರಾಯಿತು. ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಸ್ಪೇಸ್ ಒತ್ತಿದರೆ ಚಿಹ್ನೆಗಳ ಕಿಟಕಿ ತೆರೆಯುತ್ತದೆ. ಅಲ್ಲಿ ರುಪೀ ಎಂದು ಇಂಗ್ಲಿಷಿನಲ್ಲಿ ಹುಡುಕಿ.

ಮೊಬೈಲ್‌ನಲ್ಲಿ ಇಷ್ಟು ಕಷ್ಟವಿಲ್ಲ. ಅಂಕಿಗಳ ಕೀಬೋರ್ಡ್ ತೆರೆಯಿರಿ. ₹ ಎದುರಿಗೇ ಕಾಣದಿದ್ದರೆ ಡಾಲರ್ ಮೇಲೆ ಬೆರಳು ಒತ್ತಿ ಹಿಡಿಯಿರಿ, ಬೇರೆ ಕರೆನ್ಸಿಗಳ ಸಾಲು ಮೇಲೇಳುತ್ತದೆ. ಬೆರಳೆತ್ತದೆ ₹ ಕಡೆ ಜಾರಿಸಿ ಬಿಡಿ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಹೀಗೇ.

ಕೇಂದ್ರ ಸಚಿವ ಸಂಪುಟ ಈ ಚಿಹ್ನೆಯನ್ನು ಒಪ್ಪಿದ್ದು 2010ರ ಜುಲೈ 15ರಂದು. ವಿನ್ಯಾಸ ಡಿ. ಉದಯ ಕುಮಾರ್ ಅವರದು. ಕೆಲವೇ ದಿನಗಳಲ್ಲಿ ಮಂಗಳೂರಿನ ಫೊರೇಡಿಯನ್ ಎಂಬ ಕಂಪನಿ ಇದಕ್ಕೊಂದು ಫಾಂಟ್ ಮಾಡಿ ಉಚಿತವಾಗಿ ಹಂಚಿತು. ಆ ಫಾಂಟ್‌ನಲ್ಲಿ, ಟ್ಯಾಬ್ ಕೀಗಿಂತ ಮೇಲಿರುವ ಕೀ ಒತ್ತಿದರೆ ರೂಪಾಯಿ ಚಿಹ್ನೆ ಬರುತ್ತಿತ್ತು. ಆ ಹೊತ್ತಿಗೆ ಅದು ದೊಡ್ಡ ಉಪಕಾರವೇ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ರೂಪಾಯಿ ಇದ್ದ ಕಡೆ ಬರೀ ಒಂದು ಓರೆ ಗೀಟು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯುನಿಕೋಡ್ 6.0 ಬಂದು ₹ಗೆ ಸ್ವಂತ ಸಂಖ್ಯೆ ಸಿಕ್ಕಿತು. ಹಾಗಾಗಿ ಈಗ ಹಳೆ ಫಾಂಟ್‌ಗಳ ಉಪಾಯ ಬೇಡ, ಚಿತ್ರ ಅಂಟಿಸುವುದೂ ಬೇಡ. ಮದುವೆ ಪತ್ರಿಕೆ, ಕರಪತ್ರ ಮಾಡುವ ಡಿಟಿಪಿಯವರಿಗೂ ಇದೇ ಮಾತು. ಹಳೆಯ ಕನ್ನಡ ಫಾಂಟ್‌ನಲ್ಲಿ ₹ ಬದಲು ಚೌಕ ಬಂದರೆ ಆ ಒಂದು ಅಕ್ಷರಕ್ಕೆ ಮಾತ್ರ ಹೊಸ ಯುನಿಕೋಡ್ ಫಾಂಟ್ ಕೊಡಿ.

ಎಸ್‌ಎಂಎಸ್ ವಿಷಯದಲ್ಲಿ ಮಾತ್ರ ಸ್ವಲ್ಪ ನೋಡಿಕೊಳ್ಳಿ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಯುತ್ತದೆ. ಅದಕ್ಕೆ ಬಳಸುವ ಹಳೆಯ ಅಕ್ಷರಪಟ್ಟಿಯಲ್ಲಿ ₹ ಇಲ್ಲ. ಒಂದೇ ಒಂದು ₹ ಸೇರಿಸಿದರೂ ಇಡೀ ಸಂದೇಶ ಯುನಿಕೋಡ್‌ಗೆ ಹೋಗಿ ಮಿತಿ 70ಕ್ಕೆ ಇಳಿಯುತ್ತದೆ. ಗ್ರಾಹಕರಿಗೆ ಒಟ್ಟಿಗೆ ಸಂದೇಶ ಕಳಿಸುವ ಅಂಗಡಿಯವರಿಗೆ ಒಂದರ ಬದಲು ಎರಡು ಮೂರು ಎಸ್‌ಎಂಎಸ್ ಲೆಕ್ಕ ಬೀಳಬಹುದು. ಕನ್ನಡದಲ್ಲೇ ಬರೆಯುವವರಿಗೆ ಈ ಚಿಂತೆಯಿಲ್ಲ, ಅವರ ಮಿತಿ ಮೊದಲೇ 70.

ಎಕ್ಸೆಲ್‌ನಲ್ಲಂತೂ ₹ ಟೈಪ್ ಮಾಡಲೇ ಬೇಡಿ. ಕಂಪ್ಯೂಟರ್ ಬೇರೆ ದೇಶದ ಸೆಟ್ಟಿಂಗ್‌ನಲ್ಲಿದ್ದರೆ ₹500 ಎಂಬುದನ್ನು ಅದು ಸಂಖ್ಯೆ ಎಂದು ತಿಳಿಯದೆ ಹೋಗಬಹುದು, ಆಗ ಕೆಳಗಿನ ಒಟ್ಟು ಮೊತ್ತ ತಪ್ಪುತ್ತದೆ. ಬರೀ 500 ಬರೆಯಿರಿ. ಕಾಲಂ ಪೂರ್ತಿ ಆಯ್ದು ಕಂಟ್ರೋಲ್ ಹಿಡಿದು 1 ಒತ್ತಿ, ಕರೆನ್ಸಿಗೆ ಹೋಗಿ ಭಾರತದ ₹ ಆರಿಸಿ. 1,00,000 ಎಂದು ನಮ್ಮ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಬೀಳದೆ 100,000 ಎಂದು ಬರುತ್ತಿದ್ದರೆ, ವಿಂಡೋಸ್‌ನ ರೀಜನಲ್ ಫಾರ್ಮ್ಯಾಟ್ ಅನ್ನು ಇಂಡಿಯಾಗೆ ಬದಲಿಸಿ ಎಕ್ಸೆಲ್ ಮತ್ತೆ ತೆರೆಯಿರಿ.