ವಾಲ್ವ್ ಲೀಕ್: ಎಕೋ ರಿಪೋರ್ಟಿನ ಅಂಕಿ, ಮನೆಯ ತೂಕದ ಪುಸ್ತಕ

ಹೃದಯದ ವಾಲ್ವ್ ಸೋರುತ್ತಿದೆ ಎಂದು ಸಿಂಧನೂರು, ಮಾನ್ವಿ ಕಡೆಯ ಹಳ್ಳಿಗಳಿಂದ ನನ್ನ ಹತ್ತಿರ ಬರುವ ರೋಗಿಗಳು ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟಿನಲ್ಲಿ ಒಂದೇ ಅಂಕಿ, ಇ.ಎಫ್., ತೋರಿಸುತ್ತಾರೆ: ‘ಪಂಪಿಂಗ್ ಚಲೋ ಐತಂತ್ರಿ ಸರ, ಅರವತ್ತೈತಿ.’ ಹೃದಯದ ಎಡಭಾಗದ ಮೇಲಿನ ಕೋಣೆ (ಹೃತ್ಕರ್ಣ) ಮತ್ತು ಕೆಳಗಿನ ಕೋಣೆ (ಕುಹರ) ನಡುವಿನ ಮೈಟ್ರಲ್ ವಾಲ್ವ್ ಜೋರಾಗಿ ಸೋರುತ್ತಿರುವಾಗ ಈ ಅರವತ್ತನ್ನು ನಾನು ನಂಬುವುದಿಲ್ಲ. ಎಡ ಕುಹರ ಹಿಂಡಿದ ರಕ್ತದಲ್ಲಿ ಒಂದು ಪಾಲು ಮಹಾಪಧಮನಿಗೆ ಹೋಗುತ್ತದೆ, ಇನ್ನೊಂದು ಪಾಲು ಒತ್ತಡ ಕಡಿಮೆಯಿರುವ ಎಡ ಹೃತ್ಕರ್ಣಕ್ಕೆ ವಾಪಸ್ ಬರುತ್ತದೆ. ಇ.ಎಫ್. ಎಂದರೆ ಕುಹರದಲ್ಲಿ ತುಂಬಿದ ರಕ್ತದಲ್ಲಿ ಒಂದು ಹಿಂಡಿಗೆ ಶೇಕಡಾ ಎಷ್ಟು ಹೊರಬಿತ್ತು ಎಂಬ ಲೆಕ್ಕ, ಅದು ಎರಡನ್ನೂ ಕೂಡಿಸಿ ಎಣಿಸುತ್ತದೆ. ಹಾಗಾಗಿ ಸ್ನಾಯು ಸೋಲತೊಡಗಿದರೂ ಅಂಕಿ ನೆಟ್ಟಗೇ ಕಾಣುತ್ತದೆ.

ವಾಲ್ವೇ ಕೆಟ್ಟು ಲೀಕ್ ‘ಸಿವಿಯರ್’ ಆಗಿದ್ದಾಗ ನನ್ನ ಗೆರೆ ಇದು: ಇ.ಎಫ್. 60ಕ್ಕೆ ಇಳಿದರೆ, ಅಥವಾ ಹಿಂಡಿದ ಮೇಲಿನ ಕುಹರದ ಅಳತೆ, ರಿಪೋರ್ಟಿನಲ್ಲಿ ಎಲ್‌ವಿಐಡಿ-ಎಸ್ ಎಂದಿರುತ್ತದೆ, 40 ಮಿ.ಮೀ. ಮುಟ್ಟಿದರೆ, ದಮ್ಮು ಇಲ್ಲದಿದ್ದರೂ ಸರ್ಜನ್ ಹತ್ತಿರ ಕಳಿಸುತ್ತೇನೆ. ಮಹಾಪಧಮನಿ ವಾಲ್ವಿಗೆ ಆ ಗೆರೆ ಇ.ಎಫ್. 55, ಅಳತೆ 50 ಮಿ.ಮೀ. ಸಿವಿಯರ್ ಇದ್ದವರಿಗೆ 6ರಿಂದ 12 ತಿಂಗಳಿಗೊಮ್ಮೆ ಎಕೋ.

‘ದಮ್ಮು ಹತ್ತತೈತೇನ್ರಿ’ ಎಂದರೆ ‘ಇಲ್ರಿ’ ಎನ್ನುತ್ತಾರೆ, ಯಾಕೆಂದರೆ ಕೆಲಸವನ್ನೇ ಕಡಿಮೆ ಮಾಡಿಕೊಂಡಿರುತ್ತಾರೆ. ಹತ್ತಿ ಬಿಡಿಸುವಾಗ ಜೊತೆಯವರ ಸಾಲಿಗೆ ಸಮ ಹೋಗುತ್ತೀರಾ, ನೀರಿನ ಕೊಡ ಈಗ ಯಾರು ಹೊರುತ್ತಾರೆ, ರಾತ್ರಿ ಎಷ್ಟು ತಲೆದಿಂಬು ಬೇಕು ಎಂದು ಕೇಳಿದರೆ ನಿಜ ಹೊರಬರುತ್ತದೆ.

ಗುಳಿಗೆಯಿಂದ ವಾಲ್ವ್ ಕೂಡುವುದಿಲ್ಲ. ಫ್ರುಸೆಮೈಡ್ ನೀರು ತೆಗೆಯುತ್ತದೆ, ಅಷ್ಟೇ. ಬಿಪಿ ಏರಿದಷ್ಟೂ ಹಿಂದಕ್ಕೆ ಹೋಗುವ ರಕ್ತ ಹೆಚ್ಚುವುದರಿಂದ ಅದನ್ನು ಹತೋಟಿಯಲ್ಲಿಡಬೇಕು. ಮೈಯಲ್ಲಿ ನೀರು ನಿಲ್ಲುತ್ತಿದೆಯೇ ಎಂದು ತಿಳಿಯಲು ತೂಕ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಚಹಾಕ್ಕಿಂತ ಮುಂಚೆ, ಸಮ ಇರುವ ಪರ್ಸಿ ಕಲ್ಲಿನ ಮೇಲೆ ಒಂದೇ ಕಾಟಾ ಇಟ್ಟು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಮಣ್ಣಿನ ನೆಲದ ಮೇಲೆ ಇಟ್ಟರೆ ಮುಳ್ಳು ಸುಳ್ಳು ಹೇಳುತ್ತದೆ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಕಾಲು ಬಾವು ಬರುವ ತನಕ ಕಾಯದೆ ಬರಬೇಕು. ರಾಯಚೂರಿನ ಬ್ಯಾಸಗಿಯಲ್ಲಿ ಇದು ಉಲ್ಟಾ ಆಗುತ್ತದೆ: ಬಿಸಿಲು 40 ಡಿಗ್ರಿ ದಾಟಿದಾಗ ಅದೇ ಡೋಸು ಮುಂದುವರಿದರೆ ತೂಕ ಇಳಿದು ಎದ್ದು ನಿಂತರೆ ತಲೆ ತಿರುಗುತ್ತದೆ. ಆಗ ಡೋಸು ನಾನು ಇಳಿಸುತ್ತೇನೆ, ಅವರೇ ಬಿಡಬಾರದು.

ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ. ರೊಟ್ಟಿ ಊಟದಲ್ಲಿ ಕೆಡಿಸುವುದು ಉಪ್ಪಿನಕಾಯಿ, ಹಪ್ಪಳ. ಸಂಜೆಯ ಮಿರ್ಚಿಯೂ ಲೆಕ್ಕಕ್ಕೆ ಸೇರುತ್ತದೆ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಪೊಟ್ಯಾಸಿಯಂ ಅನ್ನು ಮೈಯಲ್ಲೇ ಹಿಡಿದಿಡುವ ಸ್ಪೈರೊನೊಲ್ಯಾಕ್ಟೋನ್ ಗುಳಿಗೆ ನುಂಗುವವರಿಗೆ ಅದು ಅಪಾಯ.

ಕೀಲುವಾತ ಜ್ವರದಿಂದ (ರುಮ್ಯಾಟಿಕ್ ಫೀವರ್) ವಾಲ್ವ್ ಕೆಟ್ಟಿದ್ದರೆ ಆ ಜ್ವರ ಮರುಕಳಿಸದಂತೆ ಬೆಂಜಥೈನ್ ಪೆನಿಸಿಲಿನ್ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ, 27 ಕೆ.ಜಿ. ಒಳಗಿನ ಮಕ್ಕಳಿಗೆ ಅರ್ಧ. ಕನಿಷ್ಠ 10 ವರ್ಷ ಅಥವಾ 40ನೇ ವಯಸ್ಸಿನ ತನಕ, ಎರಡರಲ್ಲಿ ಯಾವುದು ಹೆಚ್ಚು ಕಾಲವೋ ಅಲ್ಲಿಯವರೆಗೆ. ಕಲಸಿದ ಪುಡಿ ಬೇಗ ತಳ ಹಿಡಿದು ಸೂಜಿ ಕಟ್ಟಿಕೊಳ್ಳುತ್ತದೆ. 21 ಗೇಜ್ ಸೂಜಿ ಹಾಕಿ, ಎಳೆದ ಕೂಡಲೇ ಸ್ನಾಯುವಿನ ಆಳಕ್ಕೆ ನಿಧಾನವಾಗಿ ಕೊಡುತ್ತೇನೆ. ಮುಂಚೆ ಊಟ, ಅರ್ಧ ಲೀಟರ್ ನೀರು. ಮಲಗಿಸಿಯೇ ಚುಚ್ಚುವುದು, ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಕೈಗೆಟಕುವಂತೆ. ಕೂತಲ್ಲೇ ದಮ್ಮು ಇರುವವರು, ಇ.ಎಫ್. 50ಕ್ಕಿಂತ ಕೆಳಗಿರುವವರು ಚುಚ್ಚುಮದ್ದಿನ ಹೊತ್ತಿನಲ್ಲೇ ಕುಸಿಯಬಹುದು, ಅದಕ್ಕೆ ಅವರಿಗೆ ದಿನಕ್ಕೆರಡು ಸಲ ಪೆನಿಸಿಲಿನ್ ವಿ ಗುಳಿಗೆ.

ಆಪರೇಷನ್ನಿಗೆ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸುವಾಗ ರಿಪೋರ್ಟಿನ ಜೊತೆ ಎಕೋ ಚಿತ್ರಗಳ ಸಿ.ಡಿ., ಬಿಪಿಎಲ್ ಕಾರ್ಡು, ಆಧಾರ್ ಇಡಿಸುತ್ತೇನೆ. ಹುಳುಕು ಹಲ್ಲು ಮೊದಲೇ ಸರಿಮಾಡಿಸಬೇಕು. ಬಾಯಿಯ ಕೀವು ಹೊಸ ವಾಲ್ವಿಗೆ ಹತ್ತುವ ಭಯದಿಂದ ಆಪರೇಷನ್ ಮುಂದಕ್ಕೆ ಹೋಗುತ್ತದೆ.