ಜಾತ್ರೆಯ ಅಲ್ಲಾಡುವ ಡಬ್ಬಿ ಹತ್ತುವ ಮುಂಚೆ

ತಟ್ಟೆ ಇಡ್ಲಿ ಆಮೇಲೆ. ಇದು ಮೊದಲ ಮಾತು. ಹೋದ ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಹೋಗುವಾಗ, ಕ್ಯಾತ್ಸಂದ್ರದಲ್ಲಿ ನಾನೂ ಅಕ್ಕನ ಮಗನೂ ಎರಡೆರಡು ಇಡ್ಲಿ ಬಾರಿಸಿದ್ದೆವು. ಆಮೇಲೆ ಜಾತ್ರೆಯಲ್ಲಿ ಅಲ್ಲಾಡುವ ಡಬ್ಬಿ ಹತ್ತಿದೆವು. ಅವನಿಗೇನೂ ಆಗಲಿಲ್ಲ. ವಾಂತಿ ಬಂದದ್ದು ನನಗೆ.

ಪರದೆ ಮೇಲಿನ ಚಿತ್ರಕ್ಕೆ ತಕ್ಕಂತೆ ಸೀಟು ಅಲ್ಲಾಡಿಸುವ, ಲಾರಿ ಮೇಲೆ ಊರೂರು ಸುತ್ತುವ ಆಟದ ಡಬ್ಬಿ ಅದು. ಹೊರಗೆಲ್ಲ ಛೋಟಾ ಭೀಮನ ಚಿತ್ರ. 2008ರಲ್ಲಿ ಪೋಗೋ ಚಾನೆಲ್‌ನಲ್ಲಿ ಶುರುವಾದ ಕಾರ್ಟೂನು, ಭೀಮನ ಊರು ಢೋಲಕ್‌ಪುರ, ಅವನಿಗೆ ಬಲ ಕೊಡುವ ಲಡ್ಡು, ಎಲ್ಲ ನಿಮಗೂ ಬಾಯಿಪಾಠ ಆಗಿರುತ್ತೆ ಅಲ್ವಾ? ಒಳಗೆ ನಾಲ್ಕು ಸಾಲು ಸೀಟು, ಮುಂದೆ ಪರದೆ. ಭೀಮ ಬೆಟ್ಟದಿಂದ ಜಾರಿದರೆ ಸೀಟೂ ಮುಂದಕ್ಕೆ ಬಾಗುತ್ತದೆ. ಡಬ್ಬಿ ಮಾತ್ರ ಇದ್ದಲ್ಲೇ. ಕಣ್ಣು 'ಓಡ್ತಿದ್ದೀವಿ' ಅನ್ನುತ್ತದೆ, ಮೈಯ ಚಲನೆ ಗುರುತಿಸುವ ಒಳಗಿವಿ 'ಇಲ್ಲ' ಅನ್ನುತ್ತದೆ. ಈ ಜಗಳಕ್ಕೇ ತಲೆ ಸುತ್ತುವುದು. ಹಾಗಾದರೆ ಕಣ್ಣು ಮುಚ್ಚಿ, ತಲೆಯನ್ನು ಸೀಟಿಗೆ ಒರಗಿಸಿ. ಧೈರ್ಯ ತೋರಿಸಲು ಹೋಗಬೇಡಿ.

ಟಿಕೆಟ್ ಕೊಳ್ಳುವ ಮೊದಲು ಹೊರಗೆ ನಿಂತು ಒಂದು ಆಟ ಸುಮ್ನೆ ನೋಡಿ. ಇಳಿದು ಬರುವ ಮಕ್ಕಳ ಮುಖವೇ ಎಲ್ಲ ಹೇಳುತ್ತದೆ. ಬೆಲ್ಟನ್ನು ನೀವೇ ಎಳೆದು ನೋಡಿ. ನಮ್ಮ ಸಾಲಿನಲ್ಲಿ ಒಂದು ಕೂರಲೇ ಇಲ್ಲ, ಬೇರೆ ಸೀಟು ಕೇಳಿ ಪಡೆದೆವು. ನಡುವೆ ನಿಲ್ಲಿಸಬೇಕಾದರೆ ಯಾರನ್ನು ಕೂಗಬೇಕು ಅಂತ ಮೊದಲೇ ಕೇಳಿಕೊಳ್ಳಿ, ಒಳಗೆ ಸದ್ದು ಜಾಸ್ತಿ. ಬೆನ್ನು, ಕುತ್ತಿಗೆ ನೋವಿರುವವರು, ಬಸುರಿಯರು ಹೊರಗೇ ಇರಲಿ.

ಮಧ್ಯಾಹ್ನ ತಗಡು ಕಾದಿರುತ್ತದೆ, ಸಂಜೆ ನೂಕುನುಗ್ಗಲು. ಬೆಳಿಗ್ಗೆಯೇ ವಾಸಿ.

ಇಳಿದ ಮೇಲೆ ನಮ್ಮ ಹುಡುಗ ಕೇಳಿದ್ದು ಒಂದೇ: "ಮಾಮ, ಲಡ್ಡು ಎಲ್ಲಿ?"